ಮೊದಲ ಕ್ಯಾನು

ಕೋಮಲ ಬಿಸಿನೀರಿನ ಬಕೆಟ್ಟಿಗೆ ಸ್ಯಾಂಪಲ್ ಬಾಟಲಿಗಳನ್ನು ಒಂದೊಂದಾಗಿ ಇಳಿಸಿ, ಒಳಗೆ ಬ್ರಷ್ ತಿರುಗಿಸಿ, ಗಲಬರಿಸಿ, ಸ್ಟ್ಯಾಂಡಿನ ಮೇಲೆ ಕವುಚಿಡುತ್ತಿದ್ದಳು. ಡೈರಿಯ ಶಟರ್ ಮೊಣಕಾಲೆತ್ತರಕ್ಕೆ ಮಾತ್ರ ಎದ್ದಿತ್ತು. ಅದರಡಿಯಿಂದ ಮಾದಿಹಳ್ಳಿಯ ರಸ್ತೆಯ ಒಂದು ಪಟ್ಟಿ ಕಾಣುತ್ತಿತ್ತು; ಇನ್ನೂ ಬೆಳಕಾಗದ ಟಾರು, ಅದರಾಚೆ ಯಾರದೋ ಬಣವೆಯ ಬುಡ. ಬಾಟಲಿಗೆ ಬಾಟಲಿ ತಗುಲಿದರೆ ಕಿಣ್ ಎನ್ನುತ್ತಿತ್ತು. ಆ ಸದ್ದೂ ಆಗದಂತೆ ಅವಳು ಎರಡರ ನಡುವೆ ಬೆರಳು ಕೊಟ್ಟು ಇಡುತ್ತಿದ್ದಳು. ಕೇಳುವವರು ಯಾರೂ ಇರಲಿಲ್ಲ. ಆದರೂ ಇವತ್ತು ಸದ್ದಾಗಬಾರದು ಅನ್ನಿಸುತ್ತಿತ್ತು. ಬಸವಣ್ಣನ ಗುಡಿಯ ಹಿತ್ತಾಳೆ ಚೊಂಬನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ ತೂಕದ ಯಂತ್ರದ ಪಕ್ಕದಲ್ಲಿಟ್ಟಳು. ಆಮೇಲೆ ಕೈ ಒರೆಸಿಕೊಂಡು ಒಳಕೋಣೆಯ ಬಾಗಿಲಲ್ಲಿ ನಿಂತು, ಕಂಪ್ಯೂಟರಿನ ಡಬ್ಬದ ಹಿಂಭಾಗ ನೋಡಿದಳು. ಕೇಬಲ್ ಚುಚ್ಚಿದ ಕಡೆ ಹಸಿರು ದೀಪ ಇರಲಿಲ್ಲ. ಆರಿತ್ತು. ನಿನ್ನೆ ಸಾಯಂಕಾಲ ಎಲ್ಲರೂ ಹೋದಮೇಲೆ ಅವಳೇ ಅದು ಆರುವ ಹಾಗೆ ಮಾಡಿಟ್ಟು ಹೋಗಿದ್ದಳು.

ಪರದೆ ಮಾತ್ರ ಉರಿಯುತ್ತಿತ್ತು. ಏನೂ ಆಗಿಲ್ಲವೆಂಬಂತೆ ಹೆಸರುಗಳ ಪಟ್ಟಿ ಬಿಚ್ಚಿಕೊಂಡು, ಎದುರಿನ ಮನೆಗಳನ್ನು ಖಾಲಿ ಬಿಟ್ಟುಕೊಂಡು ಕೂತಿತ್ತು. ಕಂಪ್ಯೂಟರ್ ಕೂರಿಸಿ ಪರೀಕ್ಷೆ ಮಾಡುತ್ತಿದ್ದ ದಿನಗಳಲ್ಲಿ ಅವಳಿಗೆ ಅರ್ಥವಾಗದೇ ಇದ್ದದ್ದು ಇದೇ. ಕಂಪ್ಯೂಟರ್ ಎಚ್ಚರವಾಗಿರುತ್ತದೆ, ಹಾಲಿನ ಕೊಬ್ಬು ಅಳೆಯುವ ಹೊರಗಿನ ಫ್ಯಾಟ್ ಮಿಷನ್ನೂ ಎಚ್ಚರವಾಗಿರುತ್ತದೆ, ಗೋಡೆಗೆ ತೂತು ಕೊರೆದು ಎಳೆದಿರುವ ನೀಲಿ ಕೇಬಲ್ ಎಲ್ಲೂ ತುಂಡಾಗಿರುವುದಿಲ್ಲ. ಆದರೆ ಕೇಬಲ್ ಬಂದು ಸೇರುವ ಕಾರ್ಡು ಕೆಲಸವಿಲ್ಲದ ಹೊತ್ತು ನೋಡಿ ಮಲಗಿಬಿಡುತ್ತದೆ. ಬೇಲೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ಅಂಗಡಿ ಇಟ್ಟಿರುವ ದೀಪಕ್ ಫೋನಿನಲ್ಲಿ ಹಾಗೇ ಹೇಳಿದ್ದ. "ಕರೆಂಟ್ ಉಳಿಸೋಕೆ ಅಂತ ಕಂಪನಿಯವರು ಇಟ್ಟಿರ್ತಾರೆ ಕಣಮ್ಮ. ಸುಮ್ನೆ ಇರೋವಾಗ ಮಲಗುತ್ತೆ. ಆಮೇಲೆ ಯಾರಾದ್ರೂ ಕರೆದ್ರೆ ಏಳಬೇಕು. ನಿಮ್ಮದು ಏಳಲ್ಲ." ಎಲ್ಲಿ ಒತ್ತಬೇಕು, ಯಾವ ಹೆಸರಿನ ಮೇಲೆ ಬಲಗಡೆ ಒತ್ತಬೇಕು, ಯಾವ ಚೌಕದೊಳಗಿನ ಟಿಕ್ ತೆಗೆಯಬೇಕು ಎಂದು ಅವನು ಹೇಳಿದಂತೆ ಅವಳು ಬೆರಳಿಟ್ಟು ಹುಡುಕಿದ್ದಳು. ಚೌಕದ ಪಕ್ಕದ ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದಿದಾಗ ಕೊನೆಯಲ್ಲಿ 'ಸೇವ್ ಪವರ್' ಅಂತಿತ್ತು. "ಇನ್ನೊಂದು ಪಟ್ಟಿಯಲ್ಲಿ ಗ್ರೀನ್ ಅಂತ ಇರುತ್ತೆ, ಅದನ್ನೂ ಆಫ್ ಮಾಡು" ಎಂದಿದ್ದ. ಉಳಿತಾಯವನ್ನು ತೆಗೆಯುವುದು, ಹಸಿರನ್ನು ಆರಿಸುವುದು. ಎರಡೂ ಅವಳಿಗೆ ತಪ್ಪೆನ್ನಿಸಿತ್ತು. ತಿರುಗಿ ಕೇಳಲು ನಾಲಿಗೆ ಬರಲಿಲ್ಲ. "ಹೂಂ" ಅಂದಳು. ಕಾರ್ಡು ಮಲಗುವುದು ನಿಂತಿತು.

ಅಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಕಾರ್ತೀಕದ ಹೊತ್ತಿಗೆ ಕರೆಂಟ್ ಬಿಲ್ಲು ಹೆಚ್ಚು ಬಂತೆಂದು ಸೆಕ್ರೆಟರಿ ಲಕ್ಷ್ಮೀಶ ಸಾಲಿನಲ್ಲಿ ನಿಂತವರೆದುರಿಗೇ ಒಳಕೋಣೆಗೆ ಬಂದು ಅವಳ ತಲೆಯ ಮೇಲಿದ್ದ ಫ್ಯಾನನ್ನು ಆರಿಸಿದ್ದ. "ಫ್ಯಾನು ಯಾರ ಮನೇದು ಅಂತ ತಿರುಗ್ತಾ ಇದೆ?" ಅಷ್ಟೇ ಅಂದದ್ದು. ಹಾಲು ಹಾಕಲು ನಿಂತಿದ್ದ ದೇವೇಂದ್ರ ಹೊರಗಿನಿಂದ, "ಬಿಡಿ ಸಾರ್, ಮಾತಾಡದೆ ಮಾತಾಡದೆ ಮಗೀಗೆ ಸೆಕೆ ಆಗೈತೆ" ಅಂದ, ಎಲ್ಲ ನಕ್ಕರು. ಅವಳು ಕುತ್ತಿಗೆಯ ಬೆವರನ್ನು ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಇನ್ನೊಮ್ಮೆ ನಗುತ್ತಾರೆ. ಆಗ ನೆನಪಾಗಿದ್ದು ಆ ಚೌಕ. ಉಳಿತಾಯದ ಟಿಕ್ಕನ್ನು ತೆಗೆದವಳು ತಾನು. ಬಿಲ್ಲು ಏರಿದ್ದು ಅದರಿಂದಲೇ ಇದ್ದರೆ? ಯಾರಾದರೂ ತೆಗೆದು ನೋಡಿದರೆ? ಮನೆಯಲ್ಲಿ ಅಡುಗೆಮನೆಯ ಬಲ್ಬನ್ನು ಒಂದು ಗಳಿಗೆ ಹೆಚ್ಚು ಬಿಟ್ಟರೂ ಬೈಸಿಕೊಂಡು ಬೆಳೆದ ಹುಡುಗಿ. ಯಾರಿಗೂ ಹೇಳದೆ, ದೀಪಕ್‌ಗೂ ಫೋನು ಮಾಡದೆ, ಹೋಗಿ ಟಿಕ್ಕನ್ನು ತಿರುಗಿ ಹಾಕಿದಳು. ಹಾಕಿದಮೇಲೆ ಮನಸ್ಸಿಗೆ ಹಗುರವಾಯಿತು.

ಮಾರನೆಯ ಬೆಳಿಗ್ಗೆ ಮೊದಲ ಕ್ಯಾನು ಬಿದ್ದಾಗ ಪರದೆಗೆ ಫ್ಯಾಟಿನ ಅಂಕಿ ಬರಲಿಲ್ಲ. ಮೊದಲ ಕ್ಯಾನು ಯಾವಾಗಲೂ ಕೆಂಪಲಕ್ಷ್ಮಮ್ಮನದು. ಕೋಮಲಳ ಪಕ್ಕದ ಮನೆಯವಳು, ಕೋಮಲ ದೊಡ್ಡವ್ವ ಅನ್ನುತ್ತಾಳೆ. ಡೈರಿ ಶುರುವಾದಾಗಿನಿಂದ ಕೋಳಿಗೆ ಮುಂಚೆ ಎದ್ದು ಕರೆದು ತರುವವಳು. ಮೊದಲು ಬಿದ್ದ ಹಾಲಿನಲ್ಲಿ ಒಂದು ಚೊಂಬು ಎರಡು ಹೊತ್ತೂ ಬಸವಣ್ಣನ ಗುಡಿಗೆ ಹೋಗುವುದು ಡೈರಿಯ ರೂಢಿಯಾದ್ದರಿಂದ, ಅಷ್ಟು ವರ್ಷ ಬಸವಣ್ಣನ ತಲೆಯ ಮೇಲೆ ಬಿದ್ದದ್ದು ಅವಳ ಕೊಟ್ಟಿಗೆಯ ಹಾಲೇ. ಆ ಚೊಂಬಿನ ಹಾಲಿಗೆ ಅವಳು ಲೆಕ್ಕ ಬರೆಸುತ್ತಿರಲಿಲ್ಲ. ಹೇಳಿಕೊಳ್ಳುತ್ತಲೂ ಇರಲಿಲ್ಲ, ಚೊಂಬು ತುಂಬುವಾಗ ಸೆರಗನ್ನು ಸರಿಮಾಡಿಕೊಳ್ಳುತ್ತಿದ್ದಳು, ಅಷ್ಟೆ. ಅದೇ ವಾರ ಅವಳ ಗಬ್ಬದ ಹಸು ತಿಂಗಳು ತುಂಬದೆ ಕಂದು ಹಾಕಿತ್ತು. ಅಂಕಿ ಬಾರದೆ ಸಾಲು ನಿಂತಿತು. ಕೋಮಲ ಕೇಬಲ್ ಕಿತ್ತು ಚುಚ್ಚಿದಳು, ಬಂತು. ಸಾಯಂಕಾಲ ಮತ್ತೆ ಹಾಗೇ, ಮತ್ತೆ ಮಾರನೆಯ ದಿನ. ಬರೀ ಕೆಂಪಲಕ್ಷ್ಮಮ್ಮ ಸುರಿದಾಗ. ಅವಳ ಹಿಂದಿನವರು ಸುರಿದಾಗ ಕಾರ್ಡು ಆಗಲೇ ಎದ್ದಿರುತ್ತಿತ್ತು. ಇದನ್ನು ಕೋಮಲ ಕೂಡಿಸಿ ನೋಡುವುದಕ್ಕೆ ಮುಂಚೆಯೇ ಸಾಲಿನಲ್ಲಿ ಎರಡನೆಯವಳಾದ ಪುಷ್ಪಲತಾ ಕೂಡಿಸಿ ನೋಡಿದ್ದಳು. "ನಾನೇನೂ ಅನ್ನಲ್ಲ ಕಣ್ರೀ. ಕಂದು ಬಿದ್ದ ಕೊಟ್ಟಿಗೆ ಹಾಲು ಮೊದಲು ಬೀಳಬಾರದು ಅಂತ ನಮ್ಮತ್ತೆ ಅನ್ನೋರು. ಕೈಗುಣ ಅಂತ ಒಂದಿರ್ತದೆ." ಲಕ್ಷ್ಮೀಶ, "ಅದೆಲ್ಲ ಏನಿಲ್ಲ" ಎಂದು ಹೇಳಿ, ಮತ್ತೆರಡು ದಿನ ನೋಡಿ, ಒಂದು ಸಾಯಂಕಾಲ ಅವಳು ಸುರಿದಾದಮೇಲೆ, "ನಾಳೆಯಿಂದ ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೊಳ್ಳಮ್ಮ, ಕೊನೇಲಿ ಹಾಕು, ಜನ ಸುಮ್ಮನಾಗ್ಲಿ" ಅಂದ. ಕೆಂಪಲಕ್ಷ್ಮಮ್ಮ ಖಾಲಿ ಕ್ಯಾನು ಎತ್ತಿಕೊಂಡು ಸಾಲಿನುದ್ದಕ್ಕೂ ನಡೆದು ಹಿಂದಕ್ಕೆ ಹೋದಳು. ಹೋಗುವಾಗ ಒಳಕೋಣೆಯ ಕಿಟಕಿಯಲ್ಲಿ ಕೋಮಲಳನ್ನು ನೋಡಿದಳು. ಕೋಮಲ ಪರದೆ ನೋಡುತ್ತಿದ್ದಳು.

ಆ ದಿನವೇ ಅವಳಿಗೆ ಹೊಳೆದದ್ದು, ಆ ಸಾಯಂಕಾಲವೇ ಟಿಕ್ ತೆಗೆದದ್ದು. ಇನ್ನೊಂದು ದಿನ ತಡೆದಿದ್ದರೆ? ಈ ಪ್ರಶ್ನೆ ಅವಳನ್ನು ತಟ್ಟೆಯ ಮುಂದೆ, ಬಚ್ಚಲಲ್ಲಿ, ಬಸ್ಸಿನ ಕಿಟಕಿಯಲ್ಲಿ ಹಿಡಿದು ನಿಲ್ಲಿಸುತ್ತಿತ್ತು. ಏಕೆಂದರೆ ಮಾರನೆಯ ಬೆಳಿಗ್ಗೆ ಮೊದಲು ಸುರಿದವಳು ಪುಷ್ಪಲತಾ, ಅಂಕಿ ತಕ್ಷಣ ಬಂತು. ಎಲ್ಲರೂ ಒಟ್ಟಿಗೆ ಹಿಂದಕ್ಕೆ ತಿರುಗಿ ನೋಡಿದರು. ಅನುಮಾನವಾಗಿದ್ದದ್ದನ್ನು ಅವಳು ತನ್ನ ಕೈಯಾರೆ, ಸರಿಮಾಡುತ್ತೇನೆಂದುಕೊಂಡು, ಸಾಬೀತು ಮಾಡಿಕೊಟ್ಟಿದ್ದಳು. ಅವತ್ತೇ ಎದ್ದು ಹೇಳಬಹುದಿತ್ತು. ಹಳೇಬೀಡಿನ ಸ್ಕೂಲಿನಲ್ಲಿ ಹಾಜರಿ ಕೂಗುವಾಗ ಅವಳು ಹಾಜರ್ ಸಾರ್ ಅನ್ನುತ್ತಿದ್ದಳು, ಮೇಷ್ಟರಿಗೆ ಕೇಳುತ್ತಿರಲಿಲ್ಲ, ಪಕ್ಕದ ಹುಡುಗಿಗೆ ಮಾತ್ರ ಕೇಳುತ್ತಿತ್ತು. ಎರಡನೇ ಸಲ ಕೂಗುವ ಮೇಷ್ಟರಲ್ಲ ಅವರು. ಬೆಂಚಿನ ಮೇಲೆ ಕೂತಿದ್ದುಕೊಂಡೇ ಅವಳು ಎಷ್ಟೋ ದಿನ ಗೈರುಹಾಜರಾಗಿದ್ದಳು. ಒಂಬತ್ತನೇ ಕ್ಲಾಸಿನಲ್ಲಿ ನಿಜವಾಗಿಯೂ ಹೋಗುವುದನ್ನು ಬಿಟ್ಟಾಗ ಬೆಂಚಿಗೆ ವ್ಯತ್ಯಾಸ ತಿಳಿಯಿತೋ ಇಲ್ಲವೋ. ಈ ಕೆಲಸ ಕೊಡಿಸಿದವಳೂ ಕೆಂಪಲಕ್ಷ್ಮಮ್ಮನೇ. "ನಮ್ಮ ಕೋಮಲನ್ನ ತಗಳ್ಳಿ ಸೆಕ್ರೆಟ್ರಿಗಳೇ. ಬಾಯಿಲ್ಲ, ಕಣ್ಣೈತೆ" ಎಂದಿದ್ದಳು.

ಶಟರ್ ಪೂರ್ತಿ ಮೇಲೆ ಹೋಯಿತು. ಲಕ್ಷ್ಮೀಶ ಬಂದು ಬಸವಣ್ಣನ ಪಟಕ್ಕೆ ಊದುಬತ್ತಿ ಹಚ್ಚಿದ. ಮೆಟ್ಟಿಲ ಮೇಲೆ ಕ್ಯಾನುಗಳು ಕೂತವು. ಕೋಮಲ ಒಳಕೋಣೆಯ ಸ್ಟೂಲಿನ ಮೇಲೆ ಕೂತು ಕಿಟಕಿಯ ಸರಳುಗಳ ನಡುವೆ ಹೊರಗೆ ನೋಡಿದಳು. ಮುಂದೆ ಪುಷ್ಪಲತಾ, ತಲೆಗೆ ಮಫ್ಲರ್ ಸುತ್ತಿದ ದೇವೇಂದ್ರ, ಹಿಂದೆ ಮಿಕ್ಕವರು, ಎಲ್ಲರಿಗಿಂತ ಹಿಂದೆ, ಸಾಲಿಗೆ ಸೇರಿಯೂ ಸೇರದ ಹಾಗೆ ಎರಡಾಳು ಜಾಗ ಬಿಟ್ಟು, ಕೆಂಪಲಕ್ಷ್ಮಮ್ಮ. ಅವಳು ಈಗಲೂ ಎಲ್ಲರಿಗಿಂತ ಮುಂಚೆಯೇ ಬರುತ್ತಾಳೆ. ಬಂದು, ರಸ್ತೆಯಾಚೆ ನಿಂತು, ಎಲ್ಲರೂ ಬರುವುದನ್ನು ಕಾಯುತ್ತಾಳೆ.

ಪುಷ್ಪಲತಾ ಹಾಲು ಸುರಿದಳು. ತೂಕದ ಯಂತ್ರದ ಕೆಂಪು ಅಂಕಿ ಕುಣಿದು ನಿಂತಿತು. ಲಕ್ಷ್ಮೀಶ ಸ್ಯಾಂಪಲ್ ತೆಗೆದು ಮಿಷನ್ನಿಗೆ ಕೊಟ್ಟ. ಒಳಗೆ ಪರದೆಯ ಮೇಲೆ ಪುಷ್ಪಲತಾಳ ಹೆಸರಿನ ಮುಂದೆ ಖಾಲಿ ಮನೆ ಖಾಲಿಯಾಗಿಯೇ ಇತ್ತು. ಕೋಮಲ ಕಿಟಕಿಯ ಸರಳಿನ ಹತ್ತಿರಕ್ಕೆ ಬಾಗಿದಳು. ಈಗ ಗೊತ್ತಾಗುತ್ತದೆ. ಈಗ ಎಲ್ಲರೂ ನೋಡುತ್ತಾರೆ; ಪುಷ್ಪಲತಾಳ ಕೊಟ್ಟಿಗೆಯಲ್ಲಿ ಯಾವ ಕಂದೂ ಬಿದ್ದಿಲ್ಲ.

"ಬಂತೇನಮ್ಮ?" ಎಂದ ಲಕ್ಷ್ಮೀಶ.

"ಇಲ್ಲ ಸಾರ್."

"ಏನು?"

"ಬಂದಿಲ್ಲ ಸಾರ್."

ದೇವೇಂದ್ರ ನಕ್ಕ. "ಏನ್ ಪುಷ್ಪಕ್ಕ, ಮಿಷನ್ನೂ ನಿಮ್ಮ ಹಾಲು ನೋಡಿ ಲೆಕ್ಕ ಮರೀತಲ್ಲ. ಬೋರ್‌ವೆಲ್ ನೀರು ಜಾಸ್ತಿ ಆಯ್ತಾ?"

"ನಿಮ್ಮನೆ ಎಮ್ಮೆ ಕೆರೆ ಕುಡ್ದು ಬತ್ತದಲ್ಲ, ಅದಕ್ಕೆ ಕಮ್ಮಿ ಕಣೋ." ಪುಷ್ಪಲತಾ ತಿರುಗೇಟು ಕೊಟ್ಟಳು. ಆದರೆ ಮುಖದ ಬಣ್ಣ ಇಳಿದಿತ್ತು. ಕ್ಯಾನಿನ ಮುಚ್ಚಳವನ್ನು ತಿರುವುತ್ತ ನಿಂತಳು. ಆ ಒಂದು ನಿಮಿಷ ಕೋಮಲಳಿಗೆ ಅವಳ ಮೇಲೆ ಕನಿಕರ ಬಂತು. ಕ್ಯಾನು ಹಿಡಿದು ಎಲ್ಲರೆದುರು ನಿಲ್ಲುವುದು ಹೇಗಿರುತ್ತದೆಂದು ತಾನು ಬೇಕೆಂದೇ ಇನ್ನೊಬ್ಬಳಿಗೆ ತೋರಿಸಿಕೊಟ್ಟೆ ಅನ್ನಿಸಿತು. ಅಷ್ಟರಲ್ಲಿ ಪುಷ್ಪಲತಾ ಹಿಂದಕ್ಕೆ ತಿರುಗಿದಳು. "ನಾನು ಬರೋವಾಗ ಆಯಮ್ಮ ರಸ್ತೆ ದಾಟಿದ್ರು. ಅಡ್ಡ ಬಂದ್ರು. ನಾನು ಏನೂ ಅನ್ನಲಿಲ್ಲ. ದೊಡ್ಡೋರು ಅಂತ ಸುಮ್ಮನಿದ್ದೆ."

ಸಾಲಿನಲ್ಲಿ ಒಂದು ನಿರಾಳ ಹಾದುಹೋದದ್ದನ್ನು ಕೋಮಲ ಕಂಡಳು. ಲೆಕ್ಕ ತಾಳೆಯಾದಾಗ ಆಗುವಂಥದ್ದು. ಕೆಂಪಲಕ್ಷ್ಮಮ್ಮ ಎರಡು ಹೆಜ್ಜೆ ಇನ್ನಷ್ಟು ಹಿಂದಕ್ಕೆ ಸರಿದಳು. ಚರಂಡಿಯ ಕಲ್ಲಿನ ಮೇಲೆ ಹೋಗಿ ನಿಂತಳು.

ಲಕ್ಷ್ಮೀಶ ಒಳಗೆ ಬಂದಾಗ ಕೋಮಲ ಎದ್ದು ನಿಂತಿದ್ದಳು. ಕೇಬಲ್ ಕಿತ್ತು ಚುಚ್ಚಿದ್ದಳು, ಹಸಿರು ದೀಪ ಬಂದಿತ್ತು. ಇಷ್ಟು ದಿನ ಬಾಯಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳು ಹೊರಗೆ ಬರುವಾಗ ಹಿಂದುಮುಂದಾಗಿ ಬಂದವು. ಕಾರ್ಡು ಮಲಗುತ್ತದೆ, ಟಿಕ್ಕು, ತಾನೇ ಹಾಕಿದ್ದು, ತಾನೇ ತೆಗೆದದ್ದು, ನಿನ್ನೆ ಮತ್ತೆ ಹಾಕಿದ್ದು. ಲಕ್ಷ್ಮೀಶ ಬಾಗಿಲನ್ನು ಅರ್ಧ ಮುಂದಕ್ಕೆ ಮಾಡಿ ಪೂರ್ತಿ ಕೇಳಿದ. ಬೈಯುತ್ತಾನೆಂದು ಅವಳು ಕಾದಳು. ಬೈಯಲಿಲ್ಲ.

"ಬೇರೆ ಯಾರಿಗಾದರೂ ಹೇಳಿದ್ದೀಯಾ?"

"ಇಲ್ಲ ಸಾರ್."

"ಹೇಳಬೇಡ. ನೋಡಮ್ಮ, ಆ ಹುಡುಗಿ ಒಳಗೆ ಕೂತು ಕಂಪ್ಯೂಟರ್ ತಿದ್ದುತಿದ್ಲು ಅಂತ ಹೊರಗೆ ಒಬ್ಬನಿಗೆ ಗೊತ್ತಾದ್ರೆ ಸಾಕು. ಟಿಕ್ಕು, ಕಾರ್ಡು ಯಾವನಿಗೆ ಬೇಕು? ಫ್ಯಾಟು ತಿದ್ದಿದ್ಲು ಅಂತಾರೆ. ನನ್ನ ಫ್ಯಾಟು ಕಮ್ಮಿ ಬಂದಿದ್ದು ಅದಕ್ಕೇ ಅಂತ ಪ್ರತಿಯೊಬ್ಬನೂ ಬರ್ತಾನೆ. ನಿನ್ನೂ ಇಟ್ಕೊಳ್ಳೋಕಾಗಲ್ಲ, ನಾನೂ ಇರೋಕಾಗಲ್ಲ."

"ದೊಡ್ಡವ್ವ..."

"ಆಯಮ್ಮಂಗೇನು ಹೋಯ್ತು? ಮೊದಲು ಹಾಕಿದ್ರೂ ಅದೇ ಹಾಲು, ಕೊನೇಲಿ ಹಾಕಿದ್ರೂ ಅದೇ ಹಾಲು." ಬಾಗಿಲು ತೆಗೆದು ಹೊರಗೆ ಹೋಗುವ ಮುನ್ನ, ಏನೋ ಕೊಡುವವನಂತೆ, ಅವಳ ತಲೆಯ ಮೇಲಿನ ಫ್ಯಾನಿನ ಸ್ವಿಚ್ಚು ಹಾಕಿದ. "ಸರಿಹೋಯ್ತು, ಸರಿಹೋಯ್ತು. ವೋಲ್ಟೇಜು" ಎಂದು ಅವನು ಸಾಲಿಗೆ ಹೇಳುವುದು ಕೇಳಿಸಿತು. ಅವಳು ಚಳಿಯಲ್ಲಿ ಫ್ಯಾನಿನ ಕೆಳಗೆ ಕೂತು ಟಿಕ್ ತೆಗೆದಳು. ಇನ್ನೊಂದು ಪಟ್ಟಿಗೆ ಹೋಗಿ ಗ್ರೀನ್ ಅನ್ನುವುದನ್ನೂ ನೋಡಿದಳು, ಅದು ಆಫ್ ಇತ್ತು. ಹಾಲು ಅಂಕಿಗಳಾಗಿ ಬಂದು ಖಾಲಿ ಮನೆಗಳಲ್ಲಿ ಕೂರತೊಡಗಿತು. ಕಿಟಕಿಯಾಚೆ ಪುಷ್ಪಲತಾಳ ಹಾಲನ್ನು ಚೊಂಬಿಗೆ ಬಗ್ಗಿಸುತ್ತಿದ್ದರು.

ಮಧ್ಯಾಹ್ನ ಅವಳು ಕೆಂಪಲಕ್ಷ್ಮಮ್ಮನ ಹಿತ್ತಿಲಿಗೆ ಹೋದಳು. ಸೆಕ್ರೆಟರಿ ಹೇಳಬೇಡವೆಂದದ್ದು ಸಾಲಿನವರಿಗೆ. ದೊಡ್ಡವ್ವನಿಗೆ ಅಂತ ಅಂದಿಲ್ಲವಲ್ಲ ಎಂದು ದಾರಿಯುದ್ದಕ್ಕೂ ತನ್ನೊಳಗೇ ವಾದ ಮಾಡಿಕೊಂಡಳು. ಕೊಟ್ಟಿಗೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಒಳಗೆ ದೇವೇಂದ್ರನ ಹೆಂಡತಿ ಹಾಲು ಕೊಡುವ ಇನ್ನೊಂದು ಹಸುವಿನ ಕೆಚ್ಚಲು ತೊಳೆಯುತ್ತಿದ್ದಳು. ಕೆಂಪಲಕ್ಷ್ಮಮ್ಮ ಹೊರಗೆ ಕಲ್ಲಿನ ಮೇಲೆ ಕೂತು ತೆಂಗಿನ ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದಳು.

"ನೀನ್ಯಾಕೆ ಕರೀತಿಲ್ಲ ದೊಡ್ಡವ್ವ?"

"ಅವಳು ಕರೀಲಿ ಬಿಡು. ನಾನು ಮುಟ್ಟಿದ್ದು ಸರಿ ಬರ್ತಾ ಇಲ್ಲ." ಸೀಳುವ ಕೈ ನಿಲ್ಲಲಿಲ್ಲ. "ಜಾವಗಲ್ ಕಡೇರು ಒಬ್ರು ಕೇಳ್ಯವ್ರೆ. ಈ ಹಸನ ಕೊಟ್ಬುಡಾನ ಅಂತ. ಇನ್ಯಾರಿಗಾದ್ರೂ ಒಳ್ಳೇದಾಗ್ಲಿ."

ಕೋಮಲ ಕೂತಳು. ಹೇಳಿದಳು. ಈ ಸಲ ಮಾತು ಬೆಳಿಗ್ಗೆಗಿಂತ ಸರಿಯಾಗಿ ಬಂತು. ಕಂಪ್ಯೂಟರಿನೊಳಗೆ ಒಂದು ಕಾರ್ಡಿದೆ, ಕೆಲಸವಿಲ್ಲದಾಗ ಮಲಗುತ್ತದೆ, ಯಾರು ಮೊದಲು ಸುರಿದರೂ ಅದು ಎದ್ದಿರುವುದಿಲ್ಲ.

ಕೆಂಪಲಕ್ಷ್ಮಮ್ಮ ಎಲ್ಲ ಕೇಳಿದಳು. "ಅಷ್ಟು ವರ್ಸ ನಾನೇ ಅಲ್ವೇನವ್ವ ಮೊದಲು? ಆಗ ಮಲಗದೆ ಇದ್ದಿದ್ದು, ನನ್ನ ಹಸ ಕಂದಾಕಿದ ವಾರವೇ ಯಾಕೆ ಮಲಗಬೇಕು?"

"ನಾನು ಮಲಗಿಸಿದೆ ದೊಡ್ಡವ್ವ. ಬಿಲ್ ಜಾಸ್ತಿ ಬಂತು ಅಂತ."

ಕೆಂಪಲಕ್ಷ್ಮಮ್ಮ ಅವಳ ಮುಖ ನೋಡಿದಳು. ನಕ್ಕಳು. "ನಿಂಗೆ ಸುಳ್ಳು ಹೇಳಕ್ಕೆ ಬರಲ್ಲ ಕಣೇ. ನನ್ನ ಸಮಾಧಾನಕ್ಕೆ ನಿನ್ನ ತಲೆ ಮೇಲೆ ಹಾಕ್ಕೋತಿದ್ದೀಯ. ಬೇಡ. ಕೆಲಸ ಕಳ್ಕೊಂಡೀಯ." ಎದ್ದು ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಹುರಿಗಡಲೆ, ಬೆಲ್ಲ ತಂದಿಟ್ಟಳು. ಕೋಮಲ ತಿಂದಳು. ತಿನ್ನದೆ ಎದ್ದರೆ ದೊಡ್ಡವ್ವ ತನ್ನ ಕೈಯದು ಬೇಡವೆಂದಳು ಅಂದುಕೊಂಡಾಳು ಎಂದು ತಟ್ಟೆ ಖಾಲಿಯಾಗುವವರೆಗೆ ತಿಂದಳು.

ಸಾಯಂಕಾಲ ಹಳೇಬೀಡಿನ ಗುಡಿ ನೋಡಿಕೊಂಡು ಹೊರಟ ಟೂರಿಸ್ಟ್ ಬಸ್ಸುಗಳು ಒಂದರ ಹಿಂದೊಂದು ಹೋದವು. ಆ ಧೂಳು ಅಡಗುವ ಹೊತ್ತಿಗೆ ಡೈರಿಯ ಮುಂದೆ ಸಾಲು ನಿಂತಿತ್ತು. ಕೋಮಲ ಕಂಪ್ಯೂಟರಿನ ಹಿಂಭಾಗ ನೋಡಿದಳು. ಮಧ್ಯಾಹ್ನವೆಲ್ಲ ಯಾರೂ ಮುಟ್ಟದೆ ಇದ್ದರೂ ಹಸಿರು ದೀಪ ಇತ್ತು. ಯಾರು ಸುರಿದರೂ ಈಗ ಅಂಕಿ ಬರುತ್ತದೆ. ಪುಷ್ಪಲತಾ ಸುರಿದರೆ ಬರುತ್ತದೆ, ಬಂದು ಬೆಳಗಿನ ಮಾತನ್ನು ಗಟ್ಟಿಮಾಡುತ್ತದೆ. ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ. ಯಂತ್ರ ಸರಿಯಿದ್ದಷ್ಟೂ ದಿನ ದೊಡ್ಡವ್ವನ ಕೈ ಕೆಟ್ಟದ್ದಾಗಿ ಇರುತ್ತದೆ, ಆ ಹಸು ಜಾವಗಲ್‌ಗೆ ಹೋಗುತ್ತದೆ. ಮೊದಲು ದೊಡ್ಡವ್ವನೇ ಸುರಿದು, ಅವಳು ಸುರಿದಾಗ ಅಂಕಿ ಬಂದರೆ ಮಾತ್ರ ಆ ಮಾತು ಬೀಳುತ್ತದೆ. ಅದೊಂದೇ ಉಳಿದಿರುವುದು.

ಹಾಲು ಹಾಕುವ ಹೊತ್ತಿನಲ್ಲಿ ಕೋಮಲ ಒಳಕೋಣೆಯಿಂದ ಹೊರಗೆ ಬಂದವಳೇ ಅಲ್ಲ. ಇವತ್ತು ಬಂದಳು. ತೂಕದ ಯಂತ್ರದ ಪಕ್ಕ, ಉಜ್ಜಿಟ್ಟ ಖಾಲಿ ಚೊಂಬಿನ ಪಕ್ಕ ನಿಂತಳು. ಎಲ್ಲರ ಕಣ್ಣೂ ಒಮ್ಮೆ ಅವಳ ಮೇಲೆ ಬಂತು. ಪುಷ್ಪಲತಾ ಮುಚ್ಚಳ ತೆಗೆದು ಕ್ಯಾನು ಎತ್ತಿದ್ದಳು. ಲಕ್ಷ್ಮೀಶ, "ಏನಮ್ಮ?" ಎಂದ. ದನಿ ಮೆತ್ತಗಿತ್ತು, ಕಣ್ಣು ಮೆತ್ತಗಿರಲಿಲ್ಲ.

"ದೊಡ್ಡವ್ವನ್ನ ಮುಂದೆ ಬಿಡಿ" ಎಂದಳು ಕೋಮಲ.

ಪಕ್ಕದಲ್ಲಿದ್ದ ಪುಷ್ಪಲತಾಳಿಗೆ ಕೇಳಿಸಿತೆಂದು ಅವಳ ಕೈ ನಿಂತದ್ದರಿಂದ ತಿಳಿಯಿತು. ಹಿಂದಿನವರಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಅದಕ್ಕೆ ಎರಡನೇ ಸಲ ಹೇಳಿದಳು. ತನ್ನ ದನಿ ಇಷ್ಟು ದೊಡ್ಡದಾಗಿ ಹೊರಬಿದ್ದು ಎದುರಿನ ಗೋಡೆಗೆ ತಾಗುವುದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ.

"ದೊಡ್ಡವ್ವನ ಕ್ಯಾನು ಮೊದಲು ಹಾಕ್ಲಿ. ಒಂದ್ಸಲ ಅಷ್ಟೆ."

ದೇವೇಂದ್ರ ರಸ್ತೆಯ ಕಡೆ ನೋಡಿದ. ಲಕ್ಷ್ಮೀಶ ಸ್ಯಾಂಪಲ್ ಬಾಟಲಿಯೊಂದನ್ನು ತೆಗೆದು ಬೆಳಕಿಗೆ ಹಿಡಿದ. ಸಾಲಿನಲ್ಲಿ ಯಾರೋ ಕ್ಯಾನನ್ನು ಕೈಯಿಂದ ಕೈಗೆ ಬದಲಾಯಿಸಿಕೊಂಡರು. ಎಲ್ಲರ ತಲೆಗಳ ಮೇಲಿಂದ ಕೋಮಲ ಹಿಂದಕ್ಕೆ ನೋಡಿದಳು. ಕೆಂಪಲಕ್ಷ್ಮಮ್ಮ ಚರಂಡಿಯ ಕಲ್ಲಿನ ಮೇಲೆ, ಕ್ಯಾನಿನ ಬಾಯಿಗೆ ಸೆರಗು ಮುಚ್ಚಿಕೊಂಡು, ತಲೆ ತಗ್ಗಿಸಿ ನಿಂತಿದ್ದಳು.

"ಬಾ ದೊಡ್ಡವ್ವ" ಎಂದಳು ಕೋಮಲ. "ಮುಂದೆ ಬಾ."